ಹಳೆಯ ಸುಟ್ಟಗಾಯದ ಕಲೆಗಳಿಗೆ ಲೇಸರ್ ಚಿಕಿತ್ಸೆ

ಬಿಸಿನೀರು, ಕಾದ ಎಣ್ಣೆ ಅಥವಾ ಒಲೆಯ ಬೆಂಕಿಯಿಂದ ಬಾಲ್ಯದಲ್ಲಾದ ಗಾಯ ಮಾಗಿದರೂ ಅದರ ಕಲೆ ಉಳಿಯುತ್ತದೆ. ಆಳವಾದ ಗಾಯ ಮಾಗುವಾಗ ಕೊಲಾಜನ್ ಎಂಬ ನಾರಿನಂಶ ಅತಿಯಾಗಿ ಬೆಳೆದು ಚರ್ಮ ದಪ್ಪವೂ ಬಿಗಿಯೂ ಆಗುವುದೇ ಇದಕ್ಕೆ ಕಾರಣ. ಇಂತಹ ಕಲೆಯನ್ನು ಮೃದುಗೊಳಿಸಿ ಸಮಗೊಳಿಸಲು ಲೇಸರ್ ನೆರವಾಗುತ್ತದೆ, ಸಂಪೂರ್ಣವಾಗಿ ಅಳಿಸುವುದಿಲ್ಲ.

ವಿಧಾನ

ಹೆಚ್ಚಾಗಿ ಬಳಕೆಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಜನಿಸಿದ ಭಾರತೀಯ ಮೂಲದ ವಿಜ್ಞಾನಿ ಕುಮಾರ್ ಪಟೇಲ್ ಅವರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. ಇಂದಿನ ‘ಫ್ರ್ಯಾಕ್ಷನಲ್’ ವಿಧಾನದಲ್ಲಿ ಕಿರಣವು ಕಲೆಯ ಮೇಲೆ ಅತಿಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ. ನಡುವೆ ಉಳಿದ ಆರೋಗ್ಯಕರ ಚರ್ಮ ಅವುಗಳನ್ನು ಬೇಗ ತುಂಬುತ್ತದೆ. ಹೊಸ ಕೊಲಾಜನ್ ಕ್ರಮಬದ್ಧವಾಗಿ ಬೆಳೆಯುತ್ತದೆ. ಕೆಂಪಾಗಿರುವ ಕಲೆಗಳಿಗೆ ಪಲ್ಸ್‌ಡ್ ಡೈ ಲೇಸರ್ ಸೂಕ್ತ. ಒಂದೇ ಸಲಕ್ಕೆ ಫಲ ದೊರೆಯದು. ವಾರಗಳ ಅಂತರದಲ್ಲಿ ಹಲವು ಬಾರಿ ಮಾಡಿಸಿಕೊಳ್ಳಬೇಕಾಗುತ್ತದೆ.

ಎಚ್ಚರಿಕೆಗಳು

ನಮ್ಮಂತಹ ಕಂದು ಮೈಬಣ್ಣದವರಲ್ಲಿ ಚಿಕಿತ್ಸೆಯ ಜಾಗ ಇನ್ನಷ್ಟು ಕಪ್ಪಾಗುವ ಅಪಾಯವಿದೆ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಆರಂಭಿಸುವ ಅನುಭವಿ ವೈದ್ಯರನ್ನೇ ಆರಿಸಬೇಕು. ಅನಂತರ ಬಿಸಿಲಿನಿಂದ ಚರ್ಮವನ್ನು ಕಾಪಾಡಬೇಕು. ಆದೋನಿ, ಆಲೂರು, ಕೋಸಿಗಿಯ ಕಡುಬೇಸಿಗೆಯನ್ನು ಬಿಟ್ಟು ಮಳೆಗಾಲ ಅಥವಾ ಚಳಿಗಾಲದಲ್ಲಿ ಮಾಡಿಸಿಕೊಳ್ಳುವುದು ಅನುಕೂಲ. ಸೋಂಕು, ನೀರ್ಗುಳ್ಳೆಗಳೂ ಉಂಟಾಗಬಹುದು.

ಕೀಲು ಮಡಚಲು ಬಾರದಂತೆ ಚರ್ಮ ಬಿಗಿದಿದ್ದರೆ ಲೇಸರ್ ಒಂದರಿಂದಲೇ ಪರಿಹಾರ ಸಿಗದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಳೆಯುವ ಮಕ್ಕಳಲ್ಲಿ ಕಲೆ ಮೈಯೊಡನೆ ಹಿಗ್ಗದ ಕಾರಣ ವಿಳಂಬ ಸಲ್ಲದು. ಹಳೆಯ ಕಲೆಯಲ್ಲಿ ಹುಣ್ಣು ಮೂಡಿ ವಾರಗಟ್ಟಲೆ ಮಾಯದಿದ್ದರೆ ಲೇಸರ್ ಮಾಡಿಸಬಾರದು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದಾದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ಪರೀಕ್ಷೆ ಮಾಡಿಸಬೇಕು.

ಎಲ್ಲಿ, ಹೇಗೆ?

ಕರ್ನೂಲಿನ ಸರ್ಕಾರಿ ಸರ್ವಜನ ಆಸ್ಪತ್ರೆಯ ತಜ್ಞರಿಗೆ ಮೊದಲು ತೋರಿಸಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಂಗದ ಚಲನೆಗೆ ಅಡ್ಡಿಯಾಗುವ ಕಲೆಯ ಶಸ್ತ್ರಚಿಕಿತ್ಸೆಯನ್ನೂ ಅಂದಕ್ಕಾಗಿ ಮಾಡಿಸುವ ಲೇಸರನ್ನೂ ಸರ್ಕಾರಿ ಯೋಜನೆಗಳು ಒಂದೇ ಬಗೆಯಲ್ಲಿ ಪರಿಗಣಿಸುವುದಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲೇ ಡಾ. ಎನ್‌ಟಿಆರ್ ವೈದ್ಯ ಸೇವೆಯ ಸಿಬ್ಬಂದಿಯನ್ನು ವಿಚಾರಿಸುವುದು ಒಳಿತು. ಗಾಯದ ಹಳೆಯ ಚೀಟಿಗಳಿದ್ದರೆ ಜೊತೆಗೊಯ್ಯಬೇಕು.

ಕಲೆಯ ಕಾರಣಕ್ಕೆ ಶಾಲೆಗೆ ಹೋಗಲು ಹಿಂಜರಿಯುವ ಮಗುವಿಗೆ ಚಿಕಿತ್ಸೆಯಷ್ಟೇ ಸಹಪಾಠಿಗಳ, ಶಿಕ್ಷಕರ ಸಹಜ ನಡವಳಿಕೆಯೂ ಮುಖ್ಯ.