ಮೂಲವೋ ನಕಲೋ: ಬ್ರಹ್ಮಗಿರಿಯ 256

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಶಾಸನಗಳ ಮಾತು ಬಂದಾಗ, ಬ್ರಹ್ಮಗಿರಿಯದು ‘ಮೂಲ’, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದವು ಅದರ ‘ನಕಲು’ ಎಂದು ಬರೆದು ಮುಂದೆ ಸಾಗುವ ಚಾಳಿ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಕಲ್ಲಿನಲ್ಲಿ ಆಧಾರವಿಲ್ಲ. ನಕಲೆಂದರೆ ನಮಗೆ ಕಚೇರಿಯ ದೃಢೀಕೃತ ಪ್ರತಿ, ಇಲ್ಲವೇ ಖೋಟಾ ಮಾಲು. ಅಸಲಿನ ಮುಂದೆ ಎರಡಕ್ಕೂ ಬೆಲೆ ಕಡಿಮೆ. ಈ ಮೇಲುಕೀಳು ಅಶೋಕನ ಶಾಸನಗಳಲ್ಲಿ ಕಾಣುವುದಿಲ್ಲ. ಒಂದು ‘ಲಿಪಿ’ ಅಧಿಕಾರಿಗಳ ಬಳಿ ಇರಲಿ, ಅಂಥದೇ ಇನ್ನೊಂದು ಉಪಾಸಕರ ಬಳಿ ಇರಲಿ ಎಂದು ಸಾರನಾಥದ ಸ್ತಂಭ ಹೇಳುತ್ತದೆ. ಬರಹವೂ ಲಿಪಿಯೇ, ಅದರ ಪ್ರತಿಯೂ ಲಿಪಿಯೇ. 14ನೆಯ ಬಂಡೆ ಶಾಸನವಂತೂ ಪಾಠಗಳು ಕೆಲವೆಡೆ ಸಂಕ್ಷಿಪ್ತ, ಕೆಲವೆಡೆ ವಿಸ್ತಾರ ಎಂದು ಹೇಳಿ, ಲಿಪಿಕಾರನ ತಪ್ಪನ್ನೂ ಮೊದಲೇ ಒಪ್ಪಿಕೊಳ್ಳುತ್ತದೆ.

ಪ್ರತಿಯನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ 256 ಎಂಬ ಅಂಕಿಯೇ ಸಾಕ್ಷಿ. ಬಿ.ಎಲ್. ರೈಸ್ 1892ರಲ್ಲಿ ಈ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ ‘ವ್ಯೂಥೇನ’ (ಹೊರಟುಹೋದವನಿಂದ) ಎಂಬ ಪದದ ಮುಂದೆ ಇನ್ನೂರು, ಐವತ್ತು, ಆರರ ಅಂಕಿಗಳಷ್ಟೇ ಇವೆ. ವರ್ಷವೋ ದಿನವೋ ಹೇಳಿಲ್ಲ. ಇದೇ ಶಾಸನದ ಉತ್ತರ ಭಾರತದ ಪ್ರತಿಗಳನ್ನು ಮೊದಲೇ ಓದಿದ್ದ ಬ್ಯೂಲರ್ ಇದನ್ನು ಬುದ್ಧನ ನಿರ್ವಾಣದ 256ನೆಯ ವರ್ಷವೆಂದು ಹಿಡಿದರು. ಆ ಮಹಾವಿದ್ವಾಂಸರ ಋಣ ದೊಡ್ಡದು. ಆದರೂ ಈ ಓದು ನಿಲ್ಲದು. ಬಿಹಾರದ ಸಹಸ್ರಾಮ್ ಪ್ರತಿಯಲ್ಲಿ ಅದೇ ಸಂಖ್ಯೆ ಅಕ್ಷರದಲ್ಲಿದೆ: ‘ದುವೇ ಸಪಂನಾ ಲಾತಿ ಸತಾ’. ಆ ಪ್ರತಿ ಬ್ಯೂಲರರ ಕೈಯಲ್ಲೇ ಇತ್ತು. ‘ಲಾತಿ’ಯನ್ನು ಮಾತ್ರ ಅವರು ಬೇರೆ ಪದವಾಗಿ ಬಿಡಿಸಲಿಲ್ಲ. ಮಾಗಧಿಯಲ್ಲಿ ರಕಾರ ಲಕಾರವಾಗುವುದರಿಂದ ಅದು ರಾತ್ರಿ. 1910ರಲ್ಲಿ ಎಫ್.ಡಬ್ಲ್ಯು. ಥಾಮಸ್ ಹಾಗೆ ಬಿಡಿಸಿದ ಮೇಲೆ 256 ವರ್ಷ ಹೋಗಿ, ಅರಸನು ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಬಂದವು. ಬ್ರಹ್ಮಗಿರಿಯ ಮೌನವನ್ನು ಒಡೆದದ್ದು ಇನ್ನೊಂದು ಪ್ರತಿ. (1961ರಲ್ಲಿ ಸಿಕ್ಕ, ಇದೇ ಶಾಸನದ ಅಹ್ರೌರಾ ಪಾಠದಲ್ಲಿ ಬುದ್ಧನ ಧಾತುವಿನ ಉಲ್ಲೇಖ ಕಂಡು ನಿರ್ವಾಣವಾದವನ್ನು ಮತ್ತೆ ಎಬ್ಬಿಸಿದವರಿದ್ದಾರೆ. ಅವರೂ ಸಹಸ್ರಾಮಿನ ‘ಲಾತಿ’ಗೆ ಉತ್ತರ ಹೇಳಬೇಕು.)

ಇನ್ನು ಓಲೆಯ ಸಂಗತಿ. ಬ್ರಹ್ಮಗಿರಿ, ಸಿದ್ದಾಪುರ ಎರಡರಲ್ಲೂ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವ ಒಕ್ಕಣೆಯಿದೆ. ಅಧಿಕಾರಿಗಳ ನಡುವಿನ ಕುಶಲಪ್ರಶ್ನೆ ಜನ ಓದುವ ಬಂಡೆಗೆ ಬೇಕಿರಲಿಲ್ಲ, ಆದರೂ ಕೆತ್ತಿದ್ದಾರೆ. ಬಂದ ಓಲೆಯನ್ನೇ ಎದುರಿಗಿಟ್ಟುಕೊಂಡು ಎರಡೂ ಕಡೆ ಬರೆಸಿದರೆಂಬುದು ನನ್ನ ಊಹೆ. ಒಂದು ಬಂಡೆಯಿಂದ ಇನ್ನೊಂದಕ್ಕೆ ಇಳಿಸಿಕೊಂಡರೆನ್ನುವವರು ಸಾಕ್ಷ್ಯ ತೋರಿಸಲಿ. ಬರೆದವನು ಚಪಡ. ಬ್ರಹ್ಮಗಿರಿಯ ಕೊನೆಯಲ್ಲಿ ‘ಲಿಪಿಕರೇಣ’ ಎಂಬುದನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ ಅವನನ್ನು ಯಂತ್ರದಂಥ ನಕಲುಗಾರನೆನ್ನಲು ನನಗೆ ಮನಸ್ಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾದದ್ದು ಜಟಿಂಗ ರಾಮೇಶ್ವರಕ್ಕೆ. ಅಲ್ಲಿಯದು ಬಳೆಗಾರ ಗುಂಡು: ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹಾಕುತ್ತಿದ್ದ ಬಂಡೆ. ಅಕ್ಷರಗಳು ಬಹುಪಾಲು ಸವೆದಿವೆ. ಸವೆದಲ್ಲೆಲ್ಲ ಬ್ರಹ್ಮಗಿರಿಯ ಸಾಲು ತುಂಬಿ, ಕೊನೆಗೆ ಎರಡೂ ಒಂದೇ ಎಂದರೆ ಅದು ನಮ್ಮದೇ ಕೈಬರಹವನ್ನು ಪುರಾವೆಯಾಗಿ ಒಡ್ಡಿದಂತೆ. ಹುಲ್ಟ್ಜ್ ಅಶೋಕ ಶಾಸನಗಳ 1925ರ ಸಂಪುಟದಲ್ಲಿ ಮೂರು ಪಾಠಗಳನ್ನೂ ಬೇರೆಬೇರೆಯಾಗಿಯೇ ಅಚ್ಚು ಹಾಕಿದ್ದಾರೆ. ಕನ್ನಡದ ಸಂಕಲನಗಳೂ ಅದೇ ದಾರಿ ಹಿಡಿದು, ಜಟಿಂಗದಲ್ಲಿ ಉಳಿದ ಅಕ್ಷರಗಳನ್ನಷ್ಟೇ ಕೊಟ್ಟು, ಅಳಿದ ಜಾಗವನ್ನು ಖಾಲಿ ಬಿಡಬೇಕು.