ಯೂನಿಸೈಕಲ್ ಮೇಲೆ ಕಾಲಿಗೆ ಯಾಕೆ ಬಿಡುವಿಲ್ಲ?

ಯೂನಿಸೈಕಲ್ ಕಲಿಯೋಕೆ ಹೊರಟವರು ಕಾಲುನೋವು ಅಂತ ಬಿಟ್ಟುಬಿಡ್ತಾರೆ. ಆ ನೋವಿಗೆ ಒಂದು ಇತಿಹಾಸ ಇದೆ.

1860ರ ದಶಕದಲ್ಲಿ ಪ್ಯಾರಿಸ್‌ನವರು ಪೆಡಲನ್ನು ನೇರವಾಗಿ ಮುಂದಿನ ಚಕ್ರಕ್ಕೇ ಜೋಡಿಸಿದರು. 1870ರ ದಶಕದ ಇಂಗ್ಲೆಂಡಿನ ಪೆನ್ನಿ ಫಾರ್ದಿಂಗ್‌ನಲ್ಲೂ ಅಷ್ಟೇ: ಚಕ್ರ ತಿರುಗಿದರೆ ಪೆಡಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಸವಾರರು ಕಾಲೆತ್ತಿ ಹ್ಯಾಂಡಲ್ ಮೇಲೆ ಹಾಕ್ಕೊಳ್ತಿದ್ರು! 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್, ಚೈನ್ ಮೂಲಕ ಹಿಂದಿನ ಚಕ್ರವನ್ನು ಓಡಿಸಿತು. ಮುಂದೆ ಫ್ರೀವೀಲ್ ಬಂದು ಕಾಲಿಗೆ ಬಿಡುವು ಸಿಕ್ಕಿತು. ಸಾಮಾನ್ಯ ಯೂನಿಸೈಕಲ್ ಮಾತ್ರ ಹಳೇ ಜೋಡಣೆಯಲ್ಲೇ ಉಳೀತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಲೆಗಸಿ ಡಿಸೈನ್.

ಹಾಗಾಗಿ ಪೆಡಲ್ ಮೇಲೆ ನಿಂತುಬಿಟ್ರೆ, ಒಂದು ಕಾಲು ತುಳಿಯೋದನ್ನ ಇನ್ನೊಂದು ಕಾಲು ತಡೆಯುತ್ತೆ. ನಾನು ಪಾಲಿಸೋದು ಇಷ್ಟೇ: ಮೈಭಾರ ಸೀಟಿನ ಮೇಲೆ, ಪಾದದ ಬೆರಳುಗಳ ಬುಡ ಪೆಡಲಿನ ನಡುವೆ, ಮೇಲೇರುವ ಕಾಲು ಹಗುರ.