ವಂದನೆ ಮತ್ತು ಒತ್ತಾಯ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲಾ ಮೈದಾನಗಳಲ್ಲಿ ಆಗಸ್ಟ್ 15 ಮತ್ತು ಜನವರಿ 26ರಂದು ಧ್ವಜಾರೋಹಣ ನೆರವೇರುತ್ತದೆ. ನೆರೆದವರು ಎದ್ದುನಿಂತು ರಾಷ್ಟ್ರಗೀತೆಯನ್ನು ಹಾಡುತ್ತಾರೆ. ಬಹುಜನರಿಗೆ ಇದು ಮನಃಪೂರ್ವಕವಾದ ಗೌರವವೇ ಸರಿ. ಆದರೆ ಆ ಸಭೆಯಲ್ಲಿ ಒಬ್ಬರು ಮೌನವಾಗಿ ನಿಂತರೆ, ಅವರ ದೇಶಭಕ್ತಿಯನ್ನು ಅಳೆಯುವ ಅಧಿಕಾರ ಸುತ್ತಲಿನವರಿಗೆ ಉಂಟೆ?

ಧ್ವಜವಂದನೆಯೇ ಅಪರಾಧವಾಗಿದ್ದ ಕಾಲವೊಂದಿತ್ತು. ಅಂದಿನ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅವರು ಆಜ್ಞೆಗೆ ಅಂಜಿ ಬಂದವರಲ್ಲ, ಆಜ್ಞೆಯನ್ನು ಮೀರಿ ಬಂದವರು. ಧ್ವಜಕ್ಕೆ ಘನತೆ ಬಂದುದು ಇಂತಹ ಸ್ವಯಂಪ್ರೇರಿತ ತ್ಯಾಗದಿಂದ.

ಸ್ವಾತಂತ್ರ್ಯಾನಂತರ ಪ್ರಶ್ನೆಯೇ ತಿರುವುಮುರುವಾಯಿತು. ನೆರೆಯ ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳಿದ್ದರು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ವಿಷಯ ವಿಧಾನಸಭೆಯವರೆಗೂ ಹೋಯಿತು. ವಿಚಾರಣೆ ನಡೆಸಿದ ಆಯೋಗವು ಮಕ್ಕಳು ಅಗೌರವ ತೋರಿಲ್ಲವೆಂದು ವರದಿ ನೀಡಿತು. ಆದರೂ 1985ರ ಜುಲೈ 26ರಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ರಾಜ್ಯದ ಉಚ್ಚ ನ್ಯಾಯಾಲಯದಲ್ಲಿಯೂ ಅವರಿಗೆ ಪರಿಹಾರ ದೊರೆಯಲಿಲ್ಲ. ಕೊನೆಗೆ 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಹಾಡಲೇಬೇಕೆಂಬ ಕಾನೂನಿಲ್ಲ, ಎದ್ದು ನಿಂತವರು ಹಾಡದಿರುವುದು ಅಗೌರವವಲ್ಲ ಎಂಬುದು ಆ ತೀರ್ಪಿನ ಸಾರ. 1971ರ ರಾಷ್ಟ್ರಗೌರವ ಕಾಯಿದೆಯು ಶಿಕ್ಷಿಸುವುದು ಹಾಡುವವರಿಗೆ ಬೇಕೆಂದೇ ಅಡ್ಡಿಪಡಿಸುವವರನ್ನು, ಮೌನವನ್ನಲ್ಲ.

ನ್ಯಾಯಾಲಯದ ಮಾತು ಜನಸಮೂಹದ ಮನಸ್ಸನ್ನು ಮುಟ್ಟಲು ತಡವಾಗುತ್ತದೆ. ಏಳಲು ಶಕ್ತಿಯೇ ಇಲ್ಲದ, ಗಾಲಿಕುರ್ಚಿ ಬಳಸುವ ಲೇಖಕರೊಬ್ಬರನ್ನು ಪಣಜಿಯ ಚಿತ್ರಮಂದಿರದಲ್ಲಿ ರಾಷ್ಟ್ರಗೀತೆಯ ವೇಳೆ ಹೊಡೆದ ಸಂಗತಿ 2016ರಲ್ಲಿ ವರದಿಯಾಯಿತು. ಅದೇ ವರ್ಷದ ನವೆಂಬರ್ 30ರಂದು ಚಿತ್ರಮಂದಿರಗಳಲ್ಲಿ ಗೀತೆಯನ್ನು ನುಡಿಸುವುದು ಕಡ್ಡಾಯವಾಯಿತು. 2018ರ ಜನವರಿ 9ರಂದು ಆ ಕಡ್ಡಾಯವನ್ನು ನ್ಯಾಯಾಲಯವೇ ತೆಗೆದುಹಾಕಿತು. ನುಡಿಸಿದಲ್ಲಿ ಎದ್ದುನಿಂತು ಗೌರವಿಸಬೇಕೆಂಬುದು ಉಳಿಯಿತು, ಅಂಗವಿಕಲರಿಗೆ ವಿನಾಯಿತಿಯೂ ಉಳಿಯಿತು. ಆದರೆ 2019ರಲ್ಲಿ ಬೆಂಗಳೂರಿನ ಚಿತ್ರಮಂದಿರದಲ್ಲಿ ಕುಳಿತಿದ್ದವರನ್ನು ಸಹಪ್ರೇಕ್ಷಕರೇ ತರಾಟೆಗೆ ತೆಗೆದುಕೊಂಡರು. ನಿಯಮವನ್ನು ನೋಡಿಕೊಳ್ಳಬೇಕಾದುದು ಕಾನೂನು, ಅಕ್ಕಪಕ್ಕದ ಆಸನದವರಲ್ಲ.

ಹನ್ನೆರಡನೆಯ ಶತಮಾನದ ಶರಣರು ಡಾಂಭಿಕ ಭಕ್ತಿಯನ್ನು ನಿಷ್ಠುರವಾಗಿ ಖಂಡಿಸಿದರು. ಲೋಕದ ಕಣ್ಣಿಗೆ ಹೆದರಿ ಮಾಡಿದ ಪೂಜೆಯನ್ನು ಅವರು ಪೂಜೆಯೆಂದು ಒಪ್ಪಲಿಲ್ಲ. ದೇವರ ವಿಷಯದಲ್ಲಿ ಸಲ್ಲದ ತೋರಿಕೆ ದೇಶದ ವಿಷಯದಲ್ಲಿ ಸಲ್ಲುವುದೆಂತು? ತಾನು ಭಕ್ತಿಯಿಂದ ಹಾಡುವುದು ಪ್ರತಿಯೊಬ್ಬನ ಭಾಗ್ಯ. ಪಕ್ಕದವನ ತುಟಿಯನ್ನು ಕಾಯುವುದು ಆ ಭಕ್ತಿಯ ಅಂಗವಲ್ಲ.